ಒಂದೇ ತಕ್ಕಡಿ, ಬೇರೆ ಬೇರೆ ತೂಕ



ಗದಗಿನ ಎ.ಪಿ.ಎಂ.ಸಿ. ಪೇಟೆಗೆ ಮಾಲು ತಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಉಳ್ಳಾಗಡ್ಡಿ ಇರಲಿ, ಶೇಂಗಾ ಇರಲಿ, ಮೆಣಸಿನಕಾಯಿ ಇರಲಿ, ದೊಡ್ಡ ಹೊಲದ ಗೌಡರ ಚೀಲವೂ ಎರಡೆಕರೆ ಬಡವನ ಚೀಲವೂ ಅದೇ ತಕ್ಕಡಿಗೆ ಏರಬೇಕು. ಬಡವನಿಗೆ ಬೇರೆ ತಕ್ಕಡಿ ಇಟ್ಟರೆ ಅದು ಅನ್ಯಾಯ. ಆದರೆ ಏರಿದ ಮೇಲೆ ಎಲ್ಲ ಚೀಲಗಳ ತೂಕವೂ ಒಂದೇ ಆಗುವುದಿಲ್ಲ. ನೀರು ಚಿಮುಕಿಸಿ ತಂದ ಮೆಣಸಿನಕಾಯಿ ತೂಕ ಹೆಚ್ಚು ತೋರಿಸೀತು. ತಿಳಿದವರು ಅದನ್ನು ಕೈಯಲ್ಲಿ ಹಿಡಿದೊಡನೆ ಗುರುತಿಸುತ್ತಾರೆ.

ಜನರ ಮಾತೂ ಹಾಗೆಯೇ. "ಎಲ್ಲರ ಅಭಿಪ್ರಾಯಕ್ಕೂ ಸಮಾನ ಬೆಲೆ ಕೊಡಬೇಕೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ವಿಧಾನಸಭೆಗೆ ಮಾತ್ರ ಸೇರಿದ್ದಲ್ಲ. ನಮ್ಮ ಅಡುಗೆಮನೆಯಲ್ಲೂ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲೂ ಇದು ದಿನವೂ ಏಳುತ್ತದೆ.

ಇಂಥ ಮನೆಯನ್ನು ನೀವು ನೋಡಿರಬಹುದು. ಮಗಳು ಪಿ.ಯು.ಸಿ. ಪಾಸಾಗಿದ್ದಾಳೆ, ನರ್ಸಿಂಗ್ ಕಲಿಯುವ ಆಸೆ. ಅಷ್ಟರಲ್ಲಿ ಒಂದು ಸಂಬಂಧ ಬರುತ್ತದೆ. ಸಂಜೆ ಎಲ್ಲರೂ ಕೂಡುತ್ತಾರೆ. ಮನೆ ಕಟ್ಟುವಾಗ ಸಾಲ ಕೊಟ್ಟ ಕಾಕಾ ಮೊದಲು ಮಾತಾಡುತ್ತಾನೆ: ಲಗ್ನ ಮಾಡಿಬಿಡಿ. ಅವನ ಋಣದಲ್ಲಿರುವ ಅಪ್ಪ ತಲೆಯಾಡಿಸುತ್ತಾನೆ. ಬಾಗಿಲ ಬಳಿ ನಿಂತ ಅವ್ವ ಏನೋ ಹೇಳಹೋದರೆ, "ನೀ ಸುಮ್ನ ಕುಂದ್ರು, ನಿನಗೇನ್ ತಿಳಿತೈತಿ?" ಎಂಬ ಉತ್ತರ. ಯಾರ ಬಾಳಿನ ಮಾತು ನಡೆದಿದೆಯೋ ಆ ಹುಡುಗಿಯನ್ನು ಯಾರೂ ಕೇಳುವುದೇ ಇಲ್ಲ. ಅಲ್ಲಿ ತೂಗಿದ್ದು ಕಾಕಾನ ಮಾತನ್ನಲ್ಲ, ಅವನು ಕೊಟ್ಟ ಸಾಲವನ್ನು. ನೀರು ಚಿಮುಕಿಸಿದ ಮೆಣಸಿನಕಾಯಿ ಎಂದರೆ ಇದೇ.

ಇದು ಹೊಸ ಪಾಪವಲ್ಲ. ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ನಾವು ಕೇಳುವ ಸುಸನ್ನಳ ಕಥೆಯನ್ನು ನೆನೆಯಿರಿ (ದಾನಿಯೇಲ 13). ಇಬ್ಬರು ಹಿರಿಯರು ಅವಳ ಮೇಲೆ ಸುಳ್ಳು ಆರೋಪ ಹೊರಿಸಿದರು. ಅವರು ಹಿರಿಯರು, ನ್ಯಾಯಾಧಿಪತಿಗಳು ಎಂಬ ಒಂದೇ ಕಾರಣಕ್ಕೆ ಸಭೆಯೆಲ್ಲ ನಂಬಿ ಮರಣದಂಡನೆ ವಿಧಿಸಿತು. ಸುಸನ್ನಳ ಮಾತಿಗೆ ಸಾಸಿವೆಯಷ್ಟೂ ತೂಕ ಸಿಗಲಿಲ್ಲ. ಆಗ ದೇವರು ಎಬ್ಬಿಸಿದ್ದು ದಾನಿಯೇಲನೆಂಬ ಯುವಕನನ್ನು. "ನಾನು ಹೇಳುವುದೇ ಸತ್ಯ, ನಂಬಿರಿ" ಎಂದು ಅವನು ಹಟ ಹಿಡಿಯಲಿಲ್ಲ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬನು ಒಂದು ಮರ ಹೇಳಿದ, ಇನ್ನೊಬ್ಬ ಮತ್ತೊಂದು ಮರ ಹೇಳಿದ. ಸುಳ್ಳು ಬಯಲಾಯಿತು, ನಿರಪರಾಧಿಯ ಜೀವ ಉಳಿಯಿತು. ಹಿರಿಯರ ಮಾತು ಎಂದ ಮಾತ್ರಕ್ಕೆ ಸತ್ಯವಲ್ಲ. ಸಭೆಯೆಲ್ಲ ಒಪ್ಪಿತು ಎಂದ ಮಾತ್ರಕ್ಕೂ ಸತ್ಯವಲ್ಲ. ಪಿಲಾತನ ಮುಂದೆ ಬರಬ್ಬನನ್ನು ಬಿಡಿಸಿಕೊಂಡು ನಮ್ಮ ಪ್ರಭುವನ್ನು ಶಿಲುಬೆಗೇರಿಸಿದ್ದೂ ಬಹುಜನರ ಕೂಗೇ ಅಲ್ಲವೇ?

ಹಾಗಾದರೆ ಎಲ್ಲರನ್ನೂ ಕೇಳುವುದು ವ್ಯರ್ಥವೇ? ಖಂಡಿತ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ಅದು ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಸಹಕಾರದ ತತ್ವ ನಿಮಗೆ ಗೊತ್ತಿದೆ: ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಏಕೆ? ಬೆಳೆ ಹೋದರೆ ಚಿಕ್ಕ ರೈತನ ಮಕ್ಕಳಿಗೂ ಹಸಿವೆ ಅಷ್ಟೇ. ಮನುಷ್ಯನ ಘನತೆ ಅವನ ಷೇರಿನಲ್ಲಿಲ್ಲ. ದೇವರ ರೂಪದಲ್ಲಿ ಸೃಷ್ಟಿಯಾಗಿ, ಒಂದೇ ಜ್ಞಾನಸ್ನಾನ ಹೊಂದಿದ ನಮ್ಮಲ್ಲಿ ಯಾರ ಬಾಯನ್ನೂ ಮುಚ್ಚಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬಿತ್ತುವ ಬೀಜ ಮೊಳೆಯುತ್ತದೋ ಇಲ್ಲವೋ ಎಂಬುದನ್ನು ಸಂಘದ ಸಭೆಯಲ್ಲಿ ಕೈಯೆತ್ತಿಸಿ ತೀರ್ಮಾನಿಸಲಾಗದು. ಅದಕ್ಕೆ ನೆಲ ಬಲ್ಲವರ, ಬೀಜ ಪರೀಕ್ಷಿಸಿದವರ ಮಾತೇ ಬೇಕು.

ಇತ್ತೀಚಿನ ಒಂದು ಉದಾಹರಣೆ ನೋಡೋಣ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಸರ್ಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಗಣಿ ಬಂದರೆ ನಾಲ್ಕು ಜನಕ್ಕೆ ಕೆಲಸ ಸಿಕ್ಕೀತು ಎಂಬ ಮಾತಿತ್ತು. ಗುಡ್ಡ ಹೋದರೆ ಮಳೆ, ಗಾಳಿ, ಔಷಧಿ ಸಸ್ಯ ಎಲ್ಲವೂ ಹೋದೀತು ಎಂಬ ಮಾತೂ ಇತ್ತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕುಳಿತರು. ಅದೇ ವರ್ಷ ಗುಡ್ಡಕ್ಕೆ ರಕ್ಷಣೆ ಮರಳಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕೆಲಸವಿಲ್ಲದ ಯುವಕನ ಮಾತನ್ನು ನಾವು ತುಚ್ಛವಾಗಿ ಕಾಣಬಾರದು. ಅವನ ಕಷ್ಟ ನಿಜವಾದದ್ದು. ಆದರೆ ಗುಡ್ಡದ ಗಿಡಮೂಲಿಕೆ ಬಲ್ಲವನ, ಅಲ್ಲಿ ಕುರಿ ಕಾಯ್ದವನ, ಅದರ ತಪ್ಪಲಿನಲ್ಲೇ ಮಕ್ಕಳನ್ನು ಬೆಳೆಸಬೇಕಾದವಳ ಮಾತಿಗೆ ಒಂದು ಭಾರವಿದೆ. ದೂರದಲ್ಲಿ ಕುಳಿತು ಲಾಭ ಎಣಿಸುವವನ ಮಾತಿಗೆ ಆ ಭಾರವಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೋ ಸೀ'ಯಲ್ಲಿ, ಇಂಥ ಚರ್ಚೆಗಳಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಬೋಧಿಸಿದರು. ಏಕೆಂದರೆ ಅವರಿಗಿರುವುದು ತಮ್ಮ ಮತ್ತು ತಮ್ಮ ಮಕ್ಕಳ ನಾಳೆಯ ಚಿಂತೆ.

ಧರ್ಮಸಭೆಯ ಮೊದಲ ದೊಡ್ಡ ವಿವಾದದಲ್ಲೂ ಇದೇ ದಾರಿ ಕಾಣುತ್ತದೆ (ಪ್ರೇಷಿತರ ಕಾರ್ಯಕಲಾಪಗಳು 15). ಜೆರುಸಲೇಮಿನಲ್ಲಿ ಬಹಳ ಹೊತ್ತು ವಾದ ನಡೆಯಿತು. ಸಂತ ಪೇತ್ರರು ತಮ್ಮ ಕಣ್ಣೆದುರು ದೇವರು ಮಾಡಿದ್ದನ್ನು ತಿಳಿಸಿದರು. ಬಾರ್ನಬ ಮತ್ತು ಪೌಲರು ಮಾತಾಡುವಾಗ ಸಭೆ ಮೌನವಾಗಿ ಆಲಿಸಿತು. ಸಂತ ಯಕೋಬರು ಅದನ್ನೆಲ್ಲ ಪ್ರವಾದಿಗಳ ವಾಕ್ಯದೊಡನೆ ಹೋಲಿಸಿ ನೋಡಿದರು. ಆ ಮೇಲೆಯೇ ತೀರ್ಮಾನ, ಅದೂ ಪವಿತ್ರಾತ್ಮರ ಹೆಸರಿನಲ್ಲಿ. ಅಲ್ಲಿ ಗದ್ದಲ ಮಾಡಿದವನ ಮಾತು ಗೆಲ್ಲಲಿಲ್ಲ, ಕಂಡು ಅನುಭವಿಸಿದ್ದು ದೇವರ ವಾಕ್ಯಕ್ಕೆ ಹೊಂದಿದಾಗ ಅದು ಗೆದ್ದಿತು. ಇಂದಿಗೂ ಧರ್ಮಸಭೆಯ ಕಾನೂನು ಸಂಹಿತೆ (ವಿಧಿ 212) ಇದನ್ನೇ ಹೇಳುತ್ತದೆ. ಧರ್ಮಸಭೆಯ ಒಳಿತಿಗಾಗಿ ಗುರುಗಳಿಗೆ ತಮ್ಮ ಅಭಿಪ್ರಾಯ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ; ಆದರೆ ಅದು ತಮ್ಮ ತಿಳಿವಳಿಕೆ ಮತ್ತು ಅರ್ಹತೆಗೆ ತಕ್ಕಂತೆ ಇರಬೇಕು. ವಿಶ್ವಾಸದ ಸತ್ಯಗಳನ್ನು ಮಾತ್ರ ನಾವು ಮತಕ್ಕೆ ಹಾಕುವುದಿಲ್ಲ. ಅವು ನಮಗೆ ಒಪ್ಪಿಸಲ್ಪಟ್ಟ ಆಸ್ತಿ.

ಆದ್ದರಿಂದ ಪ್ರಿಯರೇ, ಕಿವಿ ಎಲ್ಲರಿಗೂ ಸಮನಾಗಿ ಕೊಡೋಣ, ತೂಕವನ್ನು ಮಾತಿನ ಸತ್ಯ ನೋಡಿ ಕೊಡೋಣ. ತೂಗುವಾಗ ಮೂರು ಪ್ರಶ್ನೆ ಸಾಕು. ಹೇಳುವವರು ಕಂಡದ್ದೇನು? ತೀರ್ಮಾನ ತಪ್ಪಿದರೆ ಹೊರೆ ಹೊರುವವರು ಯಾರು? ಈ ಮಾತು ಪ್ರಭುವಿನ ಶುಭಸಂದೇಶಕ್ಕೆ ಹೊಂದುತ್ತದೆಯೇ? ಹಣ, ವಯಸ್ಸು, ಗಟ್ಟಿ ದನಿ, ಹಳೆಯ ಋಣ ಇವು ಯಾವುವೂ ತಕ್ಕಡಿಗೆ ಏರಬಾರದು. ಮತ್ತೆ, ಅದೇ ಮೂರು ಪ್ರಶ್ನೆಗಳಿಂದ ನಮ್ಮ ಸ್ವಂತ ಅಭಿಪ್ರಾಯವನ್ನೇ ಮೊದಲು ತೂಗಿ ನೋಡೋಣ. ಅದು ಹಗುರಾಗಿದ್ದರೆ ಹಿಂತೆಗೆದುಕೊಳ್ಳಲು ನಾಚಿಕೆ ಬೇಡ.

ಆ ಮನೆಗೆ ಮರಳಿ ಹೋಗೋಣ. ಕಾಕಾನೂ ಮಾತಾಡಲಿ; ಅವನಿಗೂ ಮಗುವಿನ ಮೇಲೆ ಪ್ರೀತಿ ಇದ್ದೀತು. ಕಾಲೇಜಿನ ಖರ್ಚು ಎಷ್ಟು, ಎಲ್ಲಿ ಇಳಿದುಕೊಳ್ಳುವುದು ಎಂದು ತಿಳಿದವರು ಹೇಳಲಿ. ಆದರೆ ಅವ್ವನನ್ನು ಬಾಗಿಲ ಬಳಿಯಿಂದ ಒಳಕ್ಕೆ ಕರೆದು ಕೂಡಿಸಿರಿ, ಮಗಳ ಅನಿಸಿಕೆ ಕೇಳಿರಿ. ಮದುವೆಗೆ ಅವಳ ಸ್ವತಂತ್ರ ಒಪ್ಪಿಗೆ ಇಲ್ಲದಿದ್ದರೆ ಆ ಸಂಸ್ಕಾರವೇ ಸಿಂಧುವಾಗದು ಎಂಬುದು ಧರ್ಮಸಭೆಯ ಬೋಧನೆ. ಅಲ್ಲಿ ಅವಳ ಒಂದು ಮಾತು ಇಡೀ ಬಳಗದ ಮಾತಿಗಿಂತ ಭಾರ.

ಈ ವಾರ ಒಂದು ರಾತ್ರಿ, ಮನೆಯಲ್ಲಿ ಜಪಸರ ಮುಗಿದ ಮೇಲೆ, ಯಾವಾಗಲೂ ಸುಮ್ಮನಿರುವವರ ಕಡೆ ತಿರುಗಿ ಕೇಳಿರಿ: "ನಿಮಗೇನು ಅನಿಸುತ್ತದೆ?" ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾಯಿರಿ. ಬಹಳ ದಿನ ಸುಮ್ಮನಿದ್ದವರಿಗೆ ಮಾತು ಬೇಗ ಬರುವುದಿಲ್ಲ.

ಪ್ರಭುವೇ, ಎಲ್ಲರನ್ನೂ ಆಲಿಸುವ ಕಿವಿಯನ್ನೂ, ಸತ್ಯವನ್ನು ತೂಗುವ ವಿವೇಕವನ್ನೂ ನಮ್ಮ ಕುಟುಂಬಗಳಿಗೆ ದಯಪಾಲಿಸಿರಿ. ಆಮೆನ್.