ಆಸರೆಯೋ, ಅಭಯವೋ?

ಇರುವವರು ಇಲ್ಲದವರಿಗೆ ಕೊಡುವುದೇ ದಾನವೆಂಬುದು ಲೋಕರೂಢಿಯ ಅರ್ಥ. ಶ್ರಾವಕಧರ್ಮವು ಇದನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮೊದಲ ಮೂರನ್ನು ಅಳೆಯಬಹುದು, ತೂಗಬಹುದು, ಎಣಿಸಬಹುದು. ನಾಲ್ಕನೆಯದಾದ ಅಭಯವನ್ನು ಕೊಡುವ ಬಗೆ ಹೇಗೆ? ಪ್ರಾಣಭಯಕ್ಕೆ ಒಳಗಾದ ಜೀವಿಯನ್ನು ರಕ್ಷಿಸುವುದು ಅದರ ಪ್ರಸಿದ್ಧವಾದ ಅರ್ಥ. ಆದರೆ ಮನುಷ್ಯನಿಗಿರುವುದು ಪ್ರಾಣಭಯವೊಂದೇ ಅಲ್ಲ. ಜೀವಮಾನವಿಡೀ ಪರಾಧೀನನಾಗಿ ಬಾಳಬೇಕಾದೀತೆಂಬ ಭಯವೂ ಉಂಟು. ದೃಷ್ಟಿಯಿಲ್ಲದ ಮಗುವಿರುವ ಮನೆಯಲ್ಲಿ ತಾಯಿತಂದೆಗಳ ಮನಸ್ಸನ್ನು ಹಗಲಿರುಳು ಕಾಡುವುದು ಈ ಭಯವೇ. ನಮ್ಮ ಕಾಲಾನಂತರ ಈ ಮಗುವಿನ ಗತಿಯೇನು ಎಂಬುದು ಅವರ ಪ್ರಶ್ನೆ.

ಈ ಭಯಕ್ಕೆ ಅವರು ಕಂಡುಕೊಳ್ಳುವ ಪರಿಹಾರವಾದರೂ ಏನು? ಮಗುವಿಗೆ ನೀರು ತಂದುಕೊಡುತ್ತಾರೆ, ತಟ್ಟೆಯಲ್ಲಿ ಕಲಸಿಕೊಡುತ್ತಾರೆ, ಒಲೆಯ ಹತ್ತಿರ ಸುಳಿಯಗೊಡುವುದಿಲ್ಲ, ಬೀದಿಗೆ ಒಂಟಿಯಾಗಿ ಕಳುಹಿಸುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಇವೆಲ್ಲವೂ ಪ್ರೀತಿಯ ಕಾರ್ಯಗಳೇ. ಹದಿನೈದು ವರ್ಷಗಳ ಮೊತ್ತವನ್ನು ಕೂಡಿ ನೋಡಿದಾಗ ಮಾತ್ರ ಬೇರೊಂದು ಫಲ ಕಾಣುತ್ತದೆ. ಬ್ರೈಲ್ ಲಿಪಿಯಲ್ಲಿ ಚೆನ್ನಾಗಿ ಓದಬಲ್ಲ, ಪರೀಕ್ಷೆಯಲ್ಲಿ ಮುಂದಿರುವ ಹುಡುಗ ಒಂದು ಲೋಟ ಚಹವನ್ನು ತಾನೇ ಬಗ್ಗಿಸಿಕೊಳ್ಳಲಾರ. ಯಾವ ಪರಾಧೀನತೆಗೆ ಹೆತ್ತವರು ಅಂಜಿದರೋ ಅದನ್ನೇ ಅವರ ಮಮತೆ ಸಿದ್ಧಗೊಳಿಸಿರುತ್ತದೆ. ನೋವನ್ನು ತಪ್ಪಿಸುವುದೆಲ್ಲವೂ ದಯೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಈ ಪ್ರಶ್ನೆಗೆ ಅಂಧರೇ ಕಂಡುಕೊಂಡ ಉತ್ತರವೊಂದು ಅಮೆರಿಕಾ ದೇಶದಲ್ಲಿದೆ. ಹುಟ್ಟುಕುರುಡರಾಗಿದ್ದ ಕೆನೆತ್ ಜರ್ನಿಗನ್ ಎಂಬವರು 1958ರಲ್ಲಿ ಅಯೋವಾ ರಾಜ್ಯದ ಅಂಧರ ಆಯೋಗದ ನಿರ್ದೇಶಕರಾದರು. ಅಂಧನನ್ನು ಕಟ್ಟಿಹಾಕುವುದು ಕಣ್ಣಿನ ಕೊರತೆಗಿಂತ ಹೆಚ್ಚಾಗಿ ತರಬೇತಿಯ ಕೊರತೆ ಮತ್ತು ಅವನಿಂದ ಏನೂ ಆಗದೆಂಬ ಸಮಾಜದ ನಂಬಿಕೆ ಎಂಬುದು ಅವರ ನಿಲುವಾಗಿತ್ತು. ಅವರ ಕೇಂದ್ರದಲ್ಲಿ ತರಬೇತಿ ಪಡೆದ ಜೋಆನ್ ವಿಲ್ಸನ್ ಎಂಬ ಅಂಧ ಮಹಿಳೆ 1985ರಲ್ಲಿ ಲೂಯಿಸಿಯಾನಾ ರಾಜ್ಯದ ರಸ್ಟನ್ ಎಂಬ ಚಿಕ್ಕ ಊರಿನಲ್ಲಿ ಅಂಧರ ಕೇಂದ್ರವೊಂದನ್ನು ಸ್ಥಾಪಿಸಿದರು. ವಯಸ್ಕರ ದೀರ್ಘಾವಧಿಯ ಶಿಕ್ಷಣದ ಜೊತೆಗೆ ಪ್ರೌಢಶಾಲೆಯ ಅಂಧ ವಿದ್ಯಾರ್ಥಿಗಳಿಗಾಗಿ ಬೇಸಿಗೆಯ ರಜೆಯಲ್ಲಿ ಎಂಟು ವಾರಗಳ ತರಬೇತಿಯನ್ನೂ ಆ ಕೇಂದ್ರ ನಡೆಸುತ್ತ ಬಂದಿದೆ. ಅಲ್ಲಿಯ ಮಾರ್ಗದರ್ಶಕರಲ್ಲಿ ಬಹುಮಂದಿ ತಾವೇ ಅಂಧರು. ತನ್ನಂತೆಯೇ ಕಣ್ಣಿಲ್ಲದವರೊಬ್ಬರು ಬಸ್ಸೇರಿ ಬಂದು, ಪಾಠ ಹೇಳಿ, ಸಂಬಳ ಪಡೆದು, ಸಂಸಾರ ನಡೆಸುತ್ತಿರುವುದನ್ನು ಅರಿತಾಗ ವಿದ್ಯಾರ್ಥಿಗೆ ದೊರೆಯುವ ಧೈರ್ಯ ಯಾವ ಉಪದೇಶದಿಂದಲೂ ದೊರೆಯದು.

ಮಕ್ಕಳು ಅಲ್ಲಿ ಮನೆಗಳಲ್ಲಿ ಒಟ್ಟಾಗಿ ವಾಸಿಸಿ, ದಿನಸಿ ಕೊಂಡು, ಅಡುಗೆ ಮಾಡಿ, ಬಟ್ಟೆ ಒಗೆದುಕೊಳ್ಳುವುದನ್ನು ಕಲಿಯುತ್ತಾರೆ. ಪಾತ್ರೆ ತುಂಬುತ್ತಿರುವುದನ್ನು ಶಬ್ದ ಮತ್ತು ಭಾರದಿಂದ, ಎಣ್ಣೆ ಕಾದುದನ್ನು ಕಿವಿ ಮೂಗುಗಳಿಂದ ತಿಳಿಯಬಹುದು. ಡಬ್ಬಗಳ ಮೇಲೆ ಬ್ರೈಲ್ ಚೀಟಿ ಅಂಟಿಸಬಹುದು. ಬೇರೆಬೇರೆ ಬೆಲೆಯ ನೋಟುಗಳನ್ನು ಬೇರೆಬೇರೆ ಬಗೆಯಲ್ಲಿ ಮಡಿಸಿ ಇಟ್ಟುಕೊಳ್ಳಬಹುದು. ಉದ್ದನೆಯ ಬಿಳಿಯ ಕೋಲನ್ನು ಹೆಗಲಿನಷ್ಟು ಅಗಲಕ್ಕೆ ಬೀಸುತ್ತ, ಬಲಗಾಲು ಮುಂದಿಟ್ಟಾಗ ಎಡಕ್ಕೂ ಎಡಗಾಲು ಮುಂದಿಟ್ಟಾಗ ಬಲಕ್ಕೂ ತಾಕಿಸಿದರೆ ಮುಂದಿನ ಹೆಜ್ಜೆಯ ನೆಲ ಮೊದಲೇ ತಿಳಿಯುತ್ತದೆ. ದ್ವಿತೀಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದ ಕ್ರಮವಿದು. ಸಂಕೇತದೀಪವಿರುವ ಚೌಕದಲ್ಲಿ ತಾನು ಸಾಗಬೇಕಾದ ದಿಕ್ಕಿನಲ್ಲೇ ಪಕ್ಕದ ವಾಹನಗಳು ಹೊರಟ ಶಬ್ದವೇ ರಸ್ತೆ ದಾಟಲು ಸೂಚನೆ. ಇವು ಪವಾಡಗಳಲ್ಲ, ಅಭ್ಯಾಸಗಳು.

ಆ ಬಳಿಕ ಬರುವುದು ದುಡಿಮೆ. ಅಮೆರಿಕಾದಲ್ಲಿ ಹದಿನಾರರ ವಯಸ್ಸಿನ ಮಕ್ಕಳು ರಜೆಯಲ್ಲಿ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುವುದು ಸಾಮಾನ್ಯ. ವೇಳೆಗೆ ಸರಿಯಾಗಿ ಹೋಗುವುದನ್ನು, ಯಜಮಾನನ ಗದರಿಕೆಯನ್ನು ಸಹಿಸುವುದನ್ನು, ಮೊದಲ ಸಂಬಳವನ್ನು ಎಣಿಸುವುದನ್ನು ಅವರು ಅಲ್ಲಿ ಕಲಿಯುತ್ತಾರೆ. ಅಂಧ ವಿದ್ಯಾರ್ಥಿಗೆ ಈ ಪಾಠ ತಪ್ಪಿಹೋದರೆ, ಪದವಿ ಪಡೆದು ಬಂದಾಗ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ, ಅನುಭವವಿರುವುದಿಲ್ಲ. ಈ ಕಾರಣದಿಂದ ರಸ್ಟನ್ನಿನಲ್ಲಿ ಅವರನ್ನು ಊರಿನ ಸಾಮಾನ್ಯ ಉದ್ಯೋಗಗಳಿಗೆ ಕಳುಹಿಸಿ ನ್ಯಾಯವಾದ ಕೂಲಿ ಕೊಡಿಸುತ್ತಾರೆ. 2014ರಲ್ಲಿ ಆ ದೇಶ ಮಾಡಿದ ಕಾನೂನೊಂದು ವೃತ್ತಿಪುನರ್ವಸತಿಗೆಂದು ರಾಜ್ಯಗಳಿಗೆ ಕೊಡುವ ಕೇಂದ್ರದ ಹಣದಲ್ಲಿ ಕನಿಷ್ಠ ಶೇಕಡಾ 15ನ್ನು ವಿಕಲಚೇತನ ವಿದ್ಯಾರ್ಥಿಗಳ ಇಂಥ ಪೂರ್ವಸಿದ್ಧತೆಗೇ ಮೀಸಲಿಡಬೇಕೆಂದು ವಿಧಿಸಿತು.

ಕೂಲಿಗೂ ದಾನಕ್ಕೂ ಇರುವ ಅಂತರವನ್ನು ಲೆಕ್ಕದ ಪುಸ್ತಕ ಬಲ್ಲವರು ಬೇಗ ಗ್ರಹಿಸಬಲ್ಲರು. ದುಡಿದು ಪಡೆದವನ ಖಾತೆ ಅಂದಿನ ಸಂಜೆಗೇ ಚುಕ್ತಾ ಆಗುತ್ತದೆ; ಕೊಟ್ಟವನೂ ಪಡೆದವನೂ ಸಮಾನರಾಗಿ ಎದ್ದು ಹೋಗುತ್ತಾರೆ. ಪಡೆಯುವುದನ್ನೇ ಬಾಳಾಗಿಸಿಕೊಂಡವನ ಖಾತೆ ಎಂದಿಗೂ ಚುಕ್ತಾ ಆಗುವುದಿಲ್ಲ. ಆದರೆ ದುಡಿಮೆಯ ಹೆಸರಿನಲ್ಲೂ ಮನುಷ್ಯನನ್ನು ಕಿರಿದಾಗಿಸಬಹುದು. ಅದೇ ದೇಶದ 1938ರ ಕಾಯಿದೆಯೊಂದು ವಿಕಲಚೇತನರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಮಾಲೀಕರಿಗೆ ಪರವಾನಿಗೆ ನೀಡುವ ಅವಕಾಶವಿರಿಸಿತು. ಕೆಲಸವೇ ಇಲ್ಲದಿರುವುದಕ್ಕಿಂತ ಇದು ಮೇಲೆಂಬ ಕರುಣೆಯೇ ಅದರ ಹಿಂದಿದ್ದ ವಾದ. ಅದನ್ನು ಅತ್ಯಂತ ಬಲವಾಗಿ ವಿರೋಧಿಸಿದವರಲ್ಲಿ ಅಂಧರ ಸಂಘಟನೆಗಳೂ ಸೇರಿದ್ದವು. ಹಲವು ರಾಜ್ಯಗಳು ತಮ್ಮಲ್ಲಿ ಅದನ್ನು ನಿಷೇಧಿಸಿವೆ.

ಇನ್ನು ಪ್ರತಿಪಕ್ಷವನ್ನೂ ಕೇಳಬೇಕು. ಕಾದ ಎಣ್ಣೆಯೂ ಓಡುವ ವಾಹನವೂ ನಿಜವಾದ ಅಪಾಯಗಳು. ತಾಯಿಯ ಭಯ ಕಲ್ಪಿತವಲ್ಲ. ರಸ್ಟನ್ನಿನ ಕ್ರಮದಲ್ಲಿ ಅಲ್ಪಸ್ವಲ್ಪ ದೃಷ್ಟಿಯುಳ್ಳವರೂ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿಕೊಂಡೇ ಕಲಿಯಬೇಕು. ಉಳಿದಿರುವ ದೃಷ್ಟಿಯನ್ನು ಬಳಸಲು ಕಲಿಸುವುದನ್ನು ಬಿಟ್ಟು ಮುಚ್ಚುವುದೇಕೆಂದು ಆಕ್ಷೇಪಿಸುವ ತಜ್ಞರಿದ್ದಾರೆ. ಕಣ್ಣಿನ ಜೊತೆಗೆ ಬೇರೆ ಅಂಗವೈಕಲ್ಯವೂ ಇರುವ ಮಗುವಿಗೆ ಇದೇ ಅಳತೆಗೋಲು ಸಲ್ಲದು. ಒಂದೇ ನಯದಿಂದ ವಸ್ತುವನ್ನು ನಿರ್ಣಯಿಸಬಾರದೆಂಬ ವಿವೇಕ ಇಲ್ಲಿಯೂ ಬೇಕು.

ಆದರೆ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗಿದೆ. ಕೈಬಿಡುವುದು ಬೇರೆ, ಕೈಗೆ ಕೊಡುವುದು ಬೇರೆ. ಏನನ್ನೂ ಕಲಿಸದೆ ಮಗುವನ್ನು ಬೀದಿಗೆ ಬಿಟ್ಟರೆ ಅದು ನಿರ್ದಯತೆ. ಗುರು ಮೊದಲು ಪಕ್ಕದಲ್ಲಿ ನಡೆದು, ಅನಂತರ ಹತ್ತು ಹೆಜ್ಜೆ ಹಿಂದೆ ನಿಂತು, ಕೊನೆಗೆ ಮನೆಯಲ್ಲಿ ಕಾದರೆ ಅದು ಶಿಕ್ಷಣ. ಆ ಕೇಂದ್ರದ ವಯಸ್ಕ ವಿದ್ಯಾರ್ಥಿಗಳನ್ನು ಕಡೆಯಲ್ಲಿ ಅರಿಯದ ತಾಣವೊಂದಕ್ಕೆ ಒಯ್ದು ಬಿಡುತ್ತಾರೆ. ಅವರು ತಾವೇ ದಾರಿ ಕಂಡುಕೊಂಡು ಮರಳಬೇಕು. ಹಾಗೆ ಮರಳಿದವರ ಲೋಕದಲ್ಲಿ ಒಂದು ಗುಂಡಿಯೂ ಮುಚ್ಚಿರುವುದಿಲ್ಲ, ಒಂದು ವಾಹನವೂ ನಿಂತಿರುವುದಿಲ್ಲ. ಅಪಾಯ ಇದ್ದಂತೆಯೇ ಇದ್ದು, ಭಯ ಮಾತ್ರ ಹೋಗಿರುತ್ತದೆ. ಅಭಯವೆಂಬ ಶಬ್ದಕ್ಕೆ ಇದಕ್ಕಿಂತ ಸಮೀಪದ ಅರ್ಥ ದೊರೆಯುವುದು ಕಷ್ಟ.

ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಅಂಧರ ಶಾಲೆಯಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ಸತ್ಪದ್ಧತಿ ನಾಡಿನ ಎಷ್ಟೋ ಮನೆತನಗಳಲ್ಲಿದೆ. ಆಹಾರದಾನವಾದ ಅದು ನಿಲ್ಲಬೇಕಾಗಿಲ್ಲ. ಆದರೆ ಆ ಮಕ್ಕಳಲ್ಲಿ ಒಬ್ಬನನ್ನು ರಜೆಯ ಎರಡು ತಿಂಗಳು ತನ್ನ ಅಂಗಡಿಯಲ್ಲಿ ಕೂಡಿಸಿಕೊಂಡು, ಕೆಲಸ ಕಲಿಸಿ, ತಪ್ಪಿದಾಗ ಇತರರಂತೆಯೇ ತಿದ್ದಿ, ತಿಂಗಳ ಕೊನೆಗೆ ಇತರರಷ್ಟೇ ಸಂಬಳವನ್ನು ಅವನ ಕೈಗಿಡುವ ವರ್ತಕನೂ ದಾನಿಯೇ. ಅವನ ಪುಸ್ತಕದಲ್ಲಿ ಅದು ದಾನವೆಂದು ದಾಖಲಾಗದು, ಸಂಬಳದ ಬಾಬ್ತಿನಲ್ಲಿ ಬರುತ್ತದೆ. ಅಲ್ಲಿ ಬರುವುದೇ ಸರಿ.