ಕಾದುವ ಜೀವ, ಕಾದಿಸುವ ಕೈ

ತಾನೇ ಕಣಕ್ಕಿಳಿದು ಕಾದುವವನ ಪೌರುಷವನ್ನು ಲೋಕವು ಯಾವಾಗಲೂ ಹೊಗಳುತ್ತ ಬಂದಿದೆ. ಆದರೆ ಕಣದ ಹೊರಗೆ ನಿಂತು, ಬೇರೊಂದು ಜೀವವನ್ನು ಆರಿಸಿ, ಸಾಕಿ, ಪಳಗಿಸಿ, ಎದುರಾಳಿಯ ಬಲಾಬಲವನ್ನು ತೂಗಿ ಕಾಳಗಕ್ಕೆ ಬಿಡುವವನ ಕೌಶಲವನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ? ಈ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆನಿಸಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುಶಿಕ್ಷಿತ ಮನೆಗಳಿಗೆ ಇದು ಎರಡು ಬಾಗಿಲುಗಳಿಂದ ಪ್ರವೇಶಿಸಿದೆ. ಹಿರಿಯರಿಗೆ ಜಾತ್ರೆಯ ಟಗರಿನ ಕಾಳಗದ ಮಾತೆಂದರೆ ಇಂದಿಗೂ ಹುರುಪು. ಅದೇ ಮನೆಯ ಹುಡುಗರು ಅಂಗೈಯಗಲದ ಯಂತ್ರದಲ್ಲಿ ಪೋಕೆಮಾನ್ ಎಂಬ ಕಲ್ಪಿತ ಪ್ರಾಣಿಗಳನ್ನು ಬೆಳೆಯಿಸಿ ಕಾದಿಸುತ್ತಾರೆ. ಹುಡುಗರದು ಕಾಲಹರಣವೆಂದು ಹಿರಿಯರು, ಹಿರಿಯರದು ಕ್ರೌರ್ಯವೆಂದು ಹುಡುಗರು ಅನ್ನುತ್ತಾರೆ. ಇಬ್ಬರ ಮಾತನ್ನೂ ನಿಷ್ಪಕ್ಷಪಾತದಿಂದ ತೂಗಿ ನೋಡುವದು ಯೋಗ್ಯ.

ಟಗರನ್ನು ಸಾಕುವದು ನಮ್ಮ ಸೀಮೆಯಲ್ಲಿ ಒಂದು ಶಾಸ್ತ್ರವೇ ಸರಿ. ಕಾಳಗದ ವರ್ಗಗಳನ್ನು ಹಲ್ಲಿನ ಮೇಲಿಂದ ಗೊತ್ತುಪಡಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ಕುರಿಗೆ ಒಂದು ಒಂದೂವರೆ ವರ್ಷಕ್ಕೆ ಮೊದಲಿನ ಜೋಡು ಹಲ್ಲು ಬಿದ್ದು ಹೊಸವು ಬರುತ್ತವೆ. ಮುಂದೆ ವರ್ಷಕ್ಕೆ ಸುಮಾರು ಒಂದು ಜೋಡಿನಂತೆ ನಾಲ್ಕು ವರ್ಷದ ಹೊತ್ತಿಗೆ ಎಂಟೂ ತುಂಬುತ್ತವೆ. ಆದುದರಿಂದ ಹಲ್ಲೆಂದರೆ ವಯಸ್ಸು. ಸಮವಯಸ್ಕರೊಡನೆಯೇ ಸೆಣಸಬೇಕೆಂಬ ನ್ಯಾಯವು ಈ ಲೆಕ್ಕದಲ್ಲಿದೆ. ಸಾಕುವವನು ಹುರುಳಿ, ಕಡಲೆ, ಹಾಲು, ತತ್ತಿಗಳನ್ನು ಉಣಿಸಿ, ದಿನವೂ ಓಡಾಡಿಸಿ, ಕೊರಳಿನ ಬಲವನ್ನು ಬೆಳೆಯಿಸುತ್ತಾನೆ. ಎರಡು ಟಗರುಗಳು ಹಿಂದೆ ಸರಿದು, ಓಡಿ ಬಂದು, ಹಣೆಗೆ ಹಣೆ ಹೊಡೆಯುತ್ತವೆ. ಬೆನ್ನು ತಿರುಗಿಸಿದುದು ಸೋತಂತೆ.

ಇದು ಇಂದಿನ ಮಾತಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕೋಳಿ, ಲಾವಕ್ಕಿ, ಟಗರು, ಕೋಣಗಳ ಕಾಳಗವು ರಾಜವಿನೋದಗಳಲ್ಲಿ ಎಣಿಸಲ್ಪಟ್ಟಿದೆ. ಅದಕ್ಕೂ ಹಿಂದಿನ ದಂಡಿಯ ‘ದಶಕುಮಾರಚರಿತ’ದಲ್ಲಿ ವಿಚಾರಾರ್ಹವಾದ ಒಂದು ಪ್ರಸಂಗವಿದೆ. ಪ್ರಮತಿಯು ದಾರಿಯಲ್ಲಿ ಕೋಳಿಯ ಕಾಳಗವನ್ನು ನೋಡಲು ನಿಲ್ಲುತ್ತಾನೆ. ನಾರಿಕೇಲ ಜಾತಿಯ ಬಲಿಷ್ಠ ಹುಂಜಕ್ಕೆದುರಾಗಿ ಬಲಾಕಾ ಜಾತಿಯ ಹುಂಜವನ್ನು ಬಿಟ್ಟಿರುವದನ್ನು ಕಂಡು, ಈ ಜೋಡಿಯೇ ತಪ್ಪೆಂದು ಅವನು ನಗುತ್ತಾನೆ. ಪಕ್ಕದಲ್ಲಿದ್ದ ಮುದುಕ ಬ್ರಾಹ್ಮಣನು ಅವನನ್ನು ಸುಮ್ಮನಿರಿಸಿ ತಾಂಬೂಲ ಕೊಡುತ್ತಾನೆ. ಬಲಾಕಾ ಹುಂಜವು ಸೋಲುತ್ತದೆ. ಮುದುಕನು ಹಿಗ್ಗುತ್ತಾನೆ, ಏಕೆಂದರೆ ಗೆದ್ದುದು ಅವನ ಕಡೆಯ ಹುಂಜ. ಜಾತಿಗೆ ಜಾತಿಯನ್ನು ತೂಗಿ ನೋಡುವ ವಿದ್ಯೆಯು ಎಷ್ಟು ಹಳೆಯದೋ, ಬಲ್ಲವನ ಸ್ವಾರ್ಥದ ಮೌನವೂ ಅಷ್ಟೇ ಹಳೆಯದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸ್ಮೃತಿಕಾರರು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತವರಲ್ಲ. ನಿರ್ಜೀವ ವಸ್ತುಗಳಿಂದ ಆಡುವ ಪಂದ್ಯವನ್ನು ದ್ಯೂತವೆಂದೂ ಜೀವಿಗಳಿಂದ ಆಡಿಸುವದನ್ನು ಸಮಾಹ್ವಯವೆಂದೂ ಮನುವು ವಿಂಗಡಿಸಿ, ಅರಸನು ಎರಡನ್ನೂ ತಡೆಯಬೇಕೆನ್ನುತ್ತಾನೆ. ನಮ್ಮ ಕಾಲದಲ್ಲಿ 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯದೆಯು ಮನೋರಂಜನೆಗಾಗಿ ಪ್ರಾಣಿಗಳನ್ನು ಕಾದಾಡಲು ಪ್ರಚೋದಿಸುವದನ್ನು ಅಪರಾಧವೆಂದಿದೆ. ಕಂಬಳಕ್ಕೂ ಎತ್ತಿನ ಗಾಡಿಯ ಶರ್ಯತ್ತಿಗೂ ಕರ್ನಾಟಕವು 2017ರಲ್ಲಿ ತಿದ್ದುಪಡಿಯಿಂದ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಕಾದಿಸುವದಕ್ಕೆ ಆ ಅವಕಾಶವು ದೊರೆತಿಲ್ಲ. ಆದರೂ ಉತ್ತರ ಕರ್ನಾಟಕದ ಹಲವೆಡೆಗಳಲ್ಲಿ ಕಾಳಗವು ನಿಂತಿಲ್ಲ. ಕಾಯದೆಯು ಕೈಯನ್ನು ತಡೆಯಬಲ್ಲದು. ಮನಸ್ಸಿಗೆ ಕಾರಣವನ್ನು ಬೇರೆಯಾಗಿಯೇ ಹೇಳಬೇಕು.

ಇನ್ನು ಹುಡುಗರ ಆಟ. 1996ರಲ್ಲಿ ಜಪಾನಿನಲ್ಲಿ ಮೊದಲು ಹೊರಬಂದ ಇದರ ಕಲ್ಪಕ ಸತೋಶಿ ತಾಜಿರಿಯು ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುತ್ತಿದ್ದವನು. ಇಲ್ಲಿ ಪ್ರಾಣಿಗಳಿಗೆ ಈಗ 18 ಜಾತಿಗಳು. ನೀರು ಬೆಂಕಿಯನ್ನೂ, ಬೆಂಕಿ ಹುಲ್ಲನ್ನೂ, ಹುಲ್ಲು ನೀರನ್ನೂ ಗೆಲ್ಲುವದು. ದೇಹಬಲ, ಹೊಡೆತ, ರಕ್ಷಣೆ, ವೇಗ ಮೊದಲಾದ ಆರು ಗುಣಗಳಿಗೆ ಅಭ್ಯಾಸದಿಂದ ಅಂಕಗಳನ್ನು ಹಂಚಬೇಕು. ಆಟದ ಅನೇಕ ಆವೃತ್ತಿಗಳಲ್ಲಿ ಒಟ್ಟು 510, ಒಂದು ಗುಣಕ್ಕೆ ಹೆಚ್ಚೆಂದರೆ 252. ಎರಡು ಗುಣಗಳನ್ನು ತುಂಬಿದರೆ ಉಳಿಯುವದು ಆರೇ ಅಂಕ! ಕಾಳಗದಲ್ಲಿ ನಾಲ್ಕೇ ವರಸೆಗಳು. ಗಾರ್ಚಾಂಪ್ ಎಂಬುದೊಂದನ್ನು ಉದಾಹರಣೆಗೆ ಕೊಳ್ಳೋಣ. ಅದರ ಮೂಲವೇಗ 102. ವೇಗ 100 ಇರುವ ಅನೇಕ ಪ್ರಾಣಿಗಳಿಗಿಂತ ಎರಡೇ ಅಂಕ ಮಿಗಿಲಾದುದರಿಂದ, ವೇಗದಲ್ಲಿ ಅಂಕ ತುಂಬಿದರೆ ಅದಕ್ಕೆ ಮೊದಲಿನ ಹೊಡೆತ ದೊರೆಯುತ್ತದೆ. ಆದರೆ ಹಿಮದ ಪೆಟ್ಟು ಅದಕ್ಕೆ ನಾಲ್ಮಡಿಯಾಗಿ ತಾಗುವದು. ವೇಗಕ್ಕೂ ಹೊಡೆತಕ್ಕೂ ಎಲ್ಲವನ್ನೂ ಸುರಿದವನು ರಕ್ಷಣೆಗೆ ಬರಿಗೈ. ಆದುದರಿಂದ ಹಿಮವನ್ನು ತಾಳಬಲ್ಲ ಉಕ್ಕಿನ ಜಾತಿಯ ಸಂಗಾತಿಯನ್ನು ಜೊತೆಗಿಟ್ಟುಕೊಳ್ಳಬೇಕು. ಎಲ್ಲ ಗುಣಗಳೂ ಒಬ್ಬನಲ್ಲಿರಲಾರವು, ಒಬ್ಬನ ಕೊರತೆಯನ್ನು ಮತ್ತೊಬ್ಬನು ತುಂಬಬೇಕು ಎಂಬ ಪಾಠವು ಇದರಲ್ಲಿದೆ. ಇದನ್ನು ಬರಿಯ ಕಾಲಹರಣವೆನ್ನುವವರು ಚದುರಂಗವನ್ನೂ ಹಾಗೆನ್ನಬೇಕಾಗುವದು.

ಈಗ ನಿರ್ಣಯ. ಯಾವ ಕಾಳಗವನ್ನಾದರೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು: ಆಯ್ಕೆ ಯಾರದು? ಅಪಾಯ ಯಾರದು? ಕೀರ್ತಿ ಯಾರದು? ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಕಾಲದಲ್ಲಿ ಕಟ್ಟಿದ ಖಾಸಬಾಗ ಮೈದಾನದಲ್ಲಿ ಕುಸ್ತಿಗಿಳಿಯುವ ಮಲ್ಲನಲ್ಲಿ ಈ ಮೂರೂ ಒಂದೇ ಮೈಯಲ್ಲಿವೆ. ಆದುದರಿಂದ ಅವನ ಮೂಳೆ ಮುರಿದರೂ ಅಲ್ಲಿ ಅಧರ್ಮವಿಲ್ಲ. ಟಗರಿನಲ್ಲಿ ಆಯ್ಕೆ ಒಡೆಯನದು, ಒಡೆಯುವ ಹಣೆ ಟಗರಿನದು, ಫಲಕ ಮತ್ತೆ ಒಡೆಯನದು. ಕಲ್ಪಿತ ಪ್ರಾಣಿಯ ಆಟದಲ್ಲಿ ಆಯ್ಕೆ ಆಡುವವನದು. ಪ್ರಾಣಿಗೆ ನೋವಿಲ್ಲ, ಅದು ಮೂರ್ಛೆ ಹೋಗಿ ಮತ್ತೆ ಚೇತರಿಸಿಕೊಳ್ಳುವ ಚಿತ್ರ. ಸೋಲುವದು ಆಡುವವನ ಎಣಿಕೆಯೊಂದೇ. ಈ ಅಳತೆಯಿಂದ ಹುಡುಗರ ಆಟವೇ ಧರ್ಮಕ್ಕೆ ಹತ್ತಿರ.

ಟಗರು ಸ್ವಭಾವದಿಂದಲೇ ಗುದ್ದುವ ಪ್ರಾಣಿಯಲ್ಲವೇ, ಒಡೆಯನು ಅದನ್ನು ಮಕ್ಕಳಿಗಿಂತ ಹೆಚ್ಚಾಗಿ ಪ್ರೀತಿಸುವದಿಲ್ಲವೇ ಎಂದು ಕೇಳುವವರುಂಟು. ಎರಡೂ ನಿಜ. ಆದರೆ ಹಿಂಡಿನಲ್ಲಿ ಗುದ್ದಿ ಸೋತ ಟಗರಿಗೆ ಸರಿದುಹೋಗಲು ಬಯಲಿದೆ. ಕಣದಲ್ಲಿ ಸುತ್ತಲೂ ಜನರ ಗೋಡೆ. ಪ್ರೀತಿಯ ಪರೀಕ್ಷೆಯಾದರೋ ಗೆದ್ದ ದಿನ ಆಗುವದಿಲ್ಲ. ಸೋತ ಟಗರಿಗೆ ಮರುದಿನವೂ ಅದೇ ಹುರುಳಿ ಸಿಕ್ಕರೆ ಅದು ಪ್ರೀತಿ. ಅದು ಸಂತೆಗೆ ನಡೆದರೆ ಹಿಂದೆ ಉಣಿಸಿದುದೆಲ್ಲ ಬರಿಯ ಬಂಡವಾಳ.

ಹುಡುಗರ ಆಟಕ್ಕೂ ಒಂದು ಎಚ್ಚರಿಕೆಯ ಮಾತು ಸಲ್ಲುತ್ತದೆ. ಅಲ್ಲಿ ಪ್ರತಿಯೊಂದು ಗುಣಕ್ಕೂ ಹುಟ್ಟಿನಿಂದ ಬಂದ ಅಂಕವು ಸೊನ್ನೆಯಿಂದ 31ರ ವರೆಗೆ ಇರುತ್ತದೆ. ಎಲ್ಲವೂ ಪೂರ್ಣವಾದುದೊಂದು ಬೇಕೆಂದು ತತ್ತಿಯ ಮೇಲೆ ತತ್ತಿ ಒಡೆಯಿಸಿ, ಕೊರತೆಯಿದ್ದುದನ್ನು ಬಿಟ್ಟುಬಿಡುವವರಿದ್ದಾರೆ. ಚಿತ್ರಕ್ಕೆ ಇದರಿಂದ ಕೇಡಿಲ್ಲ. ಆದರೆ ಜೀವವನ್ನು ಅಂಕವೆಂದು ಕಾಣುವ ಕಣ್ಣು ಯಂತ್ರವನ್ನು ಮುಚ್ಚಿಟ್ಟ ಮೇಲೂ ತೆರೆದೇ ಇರಬಾರದು.

ಮತ್ತು ಆ ಕಣ್ಣು ಹುಡುಗರಿಗಿಂತ ಮೊದಲು ತಂದೆತಾಯಿಗಳಲ್ಲಿ ತೆರೆದಿರುವದನ್ನು ಶಿಕ್ಷಕನಾಗಿದ್ದವನು ಹೇಳದೆ ಇರಲಾರನು. 720 ಅಂಕಗಳ ನೀಟ್ ಪರೀಕ್ಷೆಗೆ ಮಗುವನ್ನು ಎಳೆಯ ವಯಸ್ಸಿನಿಂದಲೇ ಸಿದ್ಧಗೊಳಿಸುವ ಮನೆಗಳಲ್ಲಿ ಅವೇ ಮೂರು ಪ್ರಶ್ನೆಗಳನ್ನು ಕೇಳಿರಿ. ಆಯ್ಕೆ ತಂದೆಯದು, ನಿದ್ದೆಗೆಟ್ಟ ಕಣ್ಣು ಮಗುವಿನದು, ಊರಲ್ಲಿ ಹೆಸರು ತಂದೆಯದು. ಆತನು ತನ್ನನ್ನು ಚದುರಂಗದವನೆಂದು ತಿಳಿದಿದ್ದಾನೆ; ನಿಂತಿರುವದು ಟಗರಿನ ಒಡೆಯನ ಜಾಗದಲ್ಲಿ. ಸ್ಪರ್ಧೆಯೇ ಬೇಡವೆಂದಲ್ಲ. ಮಗುವು ತಾನಾಗಿ ಕಣವನ್ನು ಆರಿಸಿದರೆ ಅದು ಮಲ್ಲನ ಮರ್ಯಾದೆಗೆ ಪಾತ್ರ. ಆಗ ತಂದೆಯು ಉಸ್ತಾದನಾಗಲಿ. ಬೆನ್ನು ತಿರುಗಿಸಿ ಬಂದರೆ ಮನೆಯ ಊಟವೂ ಮಾತೂ ಮೊದಲಿನಂತೆಯೇ ಇರಲಿ.

ಜೋಡಿ ತಪ್ಪಿದೆಯೆಂದು, ಈ ಮಗುವಿನ ಬಲವು ಬೇರೆ ಕಡೆಗಿದೆಯೆಂದು ಬಲ್ಲವರು ಪಾಠಶಾಲೆಗಳಲ್ಲಿ ಇದ್ದೇ ಇರುತ್ತಾರೆ. ಅವರು ತಾಂಬೂಲಕ್ಕೆ ಒಪ್ಪಿ ಸುಮ್ಮನಿರಬಾರದು. ಹುಂಜವನ್ನು ಬಿಡುವ ಮೊದಲೇ ಮಾತಾಡುವದು ಅವರ ಧರ್ಮ.