ಗೋಡೆಯಾಚೆಯ ಕಿವಿ

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರು, ಕೆಪಾಸಿಟರು ಕೊಂಡು, ಲೋಕಲ್ಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ಡೊಂಬಿವಲಿಗೆ ತರುವ ಹವ್ಯಾಸಿಗಳು ನಮ್ಮಲ್ಲಿ ಕೆಲವರುಂಟು. ಸ್ವಂತ ಕೈಯಿಂದ ಕಟ್ಟಿದ ಆಂಪ್ಲಿಫೈಯರಿನಲ್ಲಿ ಮಲ್ಲಿಕಾರ್ಜುನ ಮನಸೂರರನ್ನು ಕೇಳುವ ಸುಖವೇ ಬೇರೆ. ಇದು ಒಣ ಜಂಬವಲ್ಲ. ಆದರೆ ಪೆಟ್ಟಿಗೆ ನಮ್ಮದಾದ ಮಾತ್ರಕ್ಕೆ ಅದು ಅಲುಗಿಸುವ ಗಾಳಿಯೂ ನಮ್ಮದೆ?

ಇಲ್ಲಿ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ತಾರಸ್ವರವನ್ನು ಗೋಡೆ ಬಹುಮಟ್ಟಿಗೆ ತಡೆಯುತ್ತದೆ. ಡಗ್ಗಾದ ಮಂದ್ರನಾದ ಅದನ್ನು ದಾಟಿ ಹೋಗುತ್ತದೆ. ಅಂದರೆ ಪಕ್ಕದವರಿಗೆ ರಾಗವಿಲ್ಲ, ಬರಿಯ ಗುದ್ದು! ನಸುಕಿನ ಲೋಕಲ್ ಹಿಡಿಯಬೇಕಾದವರು ಬಂದು ಬಾಗಿಲು ತಟ್ಟಿದರೆ "ಅರಸಿಕರು" ಎಂದು ಗೊಣಗುವುದುಂಟು. ಅವರಿಗೆ ತಲುಪಿದ್ದರಲ್ಲಿ ರಸವೆಲ್ಲಿತ್ತು?

ವಿಚಿತ್ರವೆಂದರೆ, ಸ್ಪೀಕರಿನಲ್ಲಿ ಎಳೆಯಷ್ಟು ಹಮ್ ಕೇಳಿಸಿದರೂ ನಮಗೆ ನಿದ್ದೆ ಬಾರದು. ಅರ್ತ್ ತಂತಿ ಬದಲಿಸಿ, ಟ್ರಾನ್ಸ್‌ಫಾರ್ಮರನ್ನು ತಿರುಗಿಸಿಟ್ಟು, ಅದು ಅಡಗುವವರೆಗೂ ಹೆಣಗುತ್ತೇವೆ. ಬೇಡದ ಸದ್ದಿನ ಹಿಂಸೆಯನ್ನು ಇಷ್ಟು ಬಲ್ಲವರೇ ಇನ್ನೊಬ್ಬರ ದೂರನ್ನು ಮೊದಲು ನಂಬಬೇಕಲ್ಲವೆ?

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ನಿಯಮ ಹಾಗಿರಲಿ, ನಮ್ಮ ಲೆಕ್ಕವನ್ನೇ ನೋಡೋಣ. ಸಾಮಾನ್ಯ ಸ್ಪೀಕರಿಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಸಿಗುತ್ತದೆ. 10 ವಾಟನ್ನು 100 ಮಾಡಿದರೂ ಕಿವಿಗೆ ಸುಮಾರು ಇಮ್ಮಡಿಯಷ್ಟೆ. ಹತ್ತಡಿಯ ಕೋಣೆಯಲ್ಲಿ ಉಳಿದ ವಾಟುಗಳು ಯಾರಿಗಾಗಿ?

ರಾತ್ರಿಗೆ ಹೆಡ್‌ಫೋನ್ ಉಂಟು. ಎದೆಗೆ ತಾಗುವ ಡಗ್ಗಾ ಅದರಲ್ಲಿಲ್ಲ, ನಿಜ. ಅದನ್ನು ಭಾನುವಾರದ ಸಂಜೆಗೆ ಇಟ್ಟುಕೊಂಡು, ಪಕ್ಕದವರನ್ನೂ ಚಹಕ್ಕೆ ಕರೆದರೆ, ಇಷ್ಟು ದಿನ ಗೋಡೆ ದಾಟದಿದ್ದ ರಾಗವೂ ಅವರಿಗೆ ದಕ್ಕೀತು.